ಡೆಮಾಕ್ರಟಿಕ್ ಪಾರ್ಟಿ ಒಳಜಗಳ: ತಪ್ಪು ಯಾರದ್ದು?

ಪ್ರಶ್ನೆ: 2021ರಲ್ಲಿ ಅಮೆರಿಕದಲ್ಲಿ ಅಧಿಕಾರ ಡೆಮಾಕ್ರಟ್‌ಗಳ ಕೈಲೇ ಇತ್ತಲ್ವಾ, ಆದ್ರೂ ಬೈಡನ್ ತಂದ ಬಿಲ್ಡ್ ಬ್ಯಾಕ್ ಬೆಟರ್ ಬಿಲ್ (ಮಕ್ಕಳು, ಆರೋಗ್ಯ, ಹವಾಮಾನಕ್ಕೆ ದೊಡ್ಡ ಖರ್ಚಿನ ಮಸೂದೆ) ಯಾಕೆ ಬಿದ್ದೋಯ್ತು? ಪಾರ್ಟಿಯೊಳಗಿನ ಸೆಂಟ್ರಿಸ್ಟ್‌ಗಳಿಗೂ (ಮಧ್ಯಮ ಪಂಥದವರು) ಪ್ರೊಗ್ರೆಸಿವ್‌ಗಳಿಗೂ (ಎಡಕ್ಕೆ ವಾಲಿದವರು) ಅಷ್ಟೊಂದು ತಿಕ್ಕಾಟ ಯಾಕೆ?

ಉತ್ತರ 1: ಸೆನೆಟ್ 50-50 ಇತ್ತು ಗುರು, ರಿಪಬ್ಲಿಕನ್ನರೆಲ್ಲ ವಿರೋಧ, ಡೆಮಾಕ್ರಟ್‌ಗಳಲ್ಲಿ ಒಬ್ರು ಕೈ ಕೊಟ್ರೂ ಮುಗೀತು. ಬಿಲ್‌ನ ಖರ್ಚನ್ನ 3.5 ಟ್ರಿಲಿಯನ್ ಡಾಲರ್‌ನಿಂದ ಇಳಿಸ್ತಾ ಇಳಿಸ್ತಾ ಬಂದ್ರು, ಆದ್ರೂ ಡಿಸೆಂಬರ್‌ನಲ್ಲಿ ಸೆಂಟ್ರಿಸ್ಟ್ ಡೆಮಾಕ್ರಟ್ ಸೆನೆಟರ್ ಜೋ ಮ್ಯಾಂಚಿನ್ ಆಗಲ್ಲ ಅಂದ್ಬಿಟ್ರು. ಅವರ ರಾಜ್ಯ ವೆಸ್ಟ್ ವರ್ಜೀನಿಯಾದಲ್ಲಿ ಟ್ರಂಪ್ ಭಾರಿ ಅಂತರದಿಂದ ಗೆದ್ದಿದ್ರು, ಅದನ್ನೂ ನೋಡ್ಬೇಕಲ್ವಾ.

ಉತ್ತರ 2: ನಾನಿರೋದು ನ್ಯೂಜೆರ್ಸಿಲಿ. ಆ ವರ್ಷ ಜುಲೈಯಿಂದ ತಿಂಗಳಿಗೆ 300 ಡಾಲರ್ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ (ಮಕ್ಕಳಿರೋರಿಗೆ ಸರ್ಕಾರ ಕೊಡೋ ತೆರಿಗೆ ನೆರವು) ನಮ್ಮ ಅಕೌಂಟಿಗೆ ಬರ್ತಿತ್ತು, ಮಗಳ ಡೇಕೇರ್ ಫೀಸಿಗೆ ಅದೇ ಆಸರೆ, ಜನವರಿಲಿ ನಿಂತೋದಾಗ ನನ್ನ ಹೆಂಡ್ತಿ ಮತ್ತೆ ಮತ್ತೆ ಆ್ಯಪ್ ತೆಗೆದು ನೋಡ್ತಿದ್ಳು. ಈ ಬಿಲ್ ಪಾಸ್ ಆಗಿದ್ರೆ ಅದು ಮುಂದುವರೀತಿತ್ತು. ಸೆಂಟ್ರಿಸ್ಟ್‌ಗಳು ಖರ್ಚು ಖರ್ಚು ಅಂದಿದ್ದು ಇದನ್ನೇ, ನಂಗಿನ್ನೂ ಹೊಟ್ಟೆ ಉರಿಯುತ್ತೆ.

ಉತ್ತರ 3: ಪ್ರೊಗ್ರೆಸಿವ್‌ಗಳ ಕೈಲಿದ್ದ ಪಟ್ಟು ಅಂದ್ರೆ ಸೆಂಟ್ರಿಸ್ಟ್‌ಗಳಿಗೆ ಬೇಕಿದ್ದ ಇನ್‌ಫ್ರಾಸ್ಟ್ರಕ್ಚರ್ (ರಸ್ತೆ, ಸೇತುವೆ) ಬಿಲ್, ಎರಡೂ ಒಟ್ಟಿಗೇ ಪಾಸ್ ಆಗ್ಲಿ ಅಂತ ಹಿಡ್ಕೊಂಡಿದ್ರು, ನವೆಂಬರ್‌ನಲ್ಲಿ ಬಿಟ್ಕೊಟ್ರು, ಡೆಮಾಕ್ರಟ್‌ಗಳಲ್ಲಿ ಆರೇ ಜನ ಆ ಇನ್‌ಫ್ರಾಸ್ಟ್ರಕ್ಚರ್ ಬಿಲ್ ವಿರುದ್ಧ ವೋಟ್ ಹಾಕಿದ್ದು. ಬಿಟ್ಕೊಡಬಾರದಿತ್ತು ಅಂತ್ಲೇ ನನ್ನ ಅಭಿಪ್ರಾಯ. 2022ರಲ್ಲಿ ಇನ್‌ಫ್ಲೇಶನ್ ರಿಡಕ್ಷನ್ ಆಕ್ಟ್ ಅಂತ ಸಿಕ್ಕಿದ್ದು ಬಿಲ್ಡ್ ಬ್ಯಾಕ್ ಬೆಟರ್‌ನ ಒಂದು ತುಂಡು ಅಷ್ಟೇ, ಆದ್ರೆ ಮೆಡಿಕೇರ್‌ನಲ್ಲಿ (ಮುಖ್ಯವಾಗಿ ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ಇನ್ಸುಲಿನ್ ತಿಂಗಳಿಗೆ 35 ಡಾಲರ್ ದಾಟಲ್ಲ ಅನ್ನೋದು ಬಂದಿದ್ದು ಅದರಲ್ಲೇ.