ಟೈಲ್‌ಪೈಪ್ ತೂತಾಗಿದೆ: ಮನೆಯಲ್ಲೇ ಬದಲಾಯಿಸಬಹುದಾ?

ಹಳೇಗಾಡಿ
ಕಾರಿಗೆ ವಯಸ್ಸಾಗಿದೆ, ಎಂಜಿನ್ ಮಾತ್ರ ಇನ್ನೂ ಗಟ್ಟಿ. ಈಗ ಸೈಲೆನ್ಸರ್‌ನಿಂದ ಬಂಪರ್‌ವರೆಗಿನ ಟೈಲ್‌ಪೈಪ್, ಆಕ್ಸಲ್ ಮೇಲೆ ಬಾಗುವ ಜಾಗದಲ್ಲಿ ತುಕ್ಕು ತಿಂದು ತೂತಾಗಿದೆ. ಸ್ಟಾರ್ಟ್ ಮಾಡಿದರೆ ಪುರ್ ಅನ್ನುತ್ತದೆ. ಸೈಲೆನ್ಸರ್ ನೋಡೋಕೆ ಚೆನ್ನಾಗೇ ಇದೆ. ಅದರ ಮೂತಿಯ ಮೇಲೆ ಪೈಪ್ ತೊಡಿಸಿ ಯು-ಕ್ಲ್ಯಾಂಪ್ ಬಿಗಿದಿದ್ದಾರೆ, ವೆಲ್ಡಿಂಗ್ ಇಲ್ಲ. ಗ್ಯಾರೇಜಿನವರು ಸೈಲೆನ್ಸರ್ ಸಮೇತ ಬದಲಾಯಿಸಿ ಅಂತಾರೆ. ನನಗೆ ಪೈಪ್ ಒಂದೇ ಸಾಕು, ಅದನ್ನೂ ಮನೆಯಲ್ಲೇ ಹಾಕಿಕೊಳ್ಳೋಣ ಅನಿಸಿದೆ. ಏನಂತೀರಿ?

ನಟ್ಟು ಬೋಲ್ಟು
ಧಾರಾಳವಾಗಿ ಹಾಕಿಕೊಳ್ಳಿ. ಕಾರಿನ ಅಡಿಯಲ್ಲಿ ಇದಕ್ಕಿಂತ ಸುಲಭದ ಕೆಲಸ ಕಡಿಮೆ. ಒಂದು ಕ್ಲ್ಯಾಂಪ್, ಪೈಪ್ ನೇತುಹಾಕುವ ಒಂದೆರಡು ರಬ್ಬರ್ ಹ್ಯಾಂಗರ್, ಅಷ್ಟೇ. ಹಿಂದಿನ ರಾತ್ರಿಯೇ ನಟ್‌ಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ರಬ್ಬರ್ ಕಳಚೋಕೆ ಸೋಪಿನ ನೀರು ಸಾಕು. ಎಂಜಿನ್ ಆಯಿಲ್ ಸವರಬೇಡಿ, ರಬ್ಬರ್ ಉಬ್ಬುತ್ತದೆ. ಹೊಸ ಪೈಪಿನ ಒಳ ಅಡ್ಡಳತೆ ಸೈಲೆನ್ಸರ್ ಮೂತಿಯ ಹೊರ ಅಡ್ಡಳತೆಗೆ ಹೊಂದಬೇಕು. ಅದನ್ನು ಅಳೆಯುವ ವರ್ನಿಯರ್ ಇಲ್ಲದಿದ್ದರೆ, ಕ್ಲ್ಯಾಂಪಿಗೂ ಸೈಲೆನ್ಸರಿಗೂ ನಡುವೆ ಕಾಣುವ ಮೂತಿಗೆ ದಾರ ಸುತ್ತಿ. ಆ ಉದ್ದವನ್ನು 3.14ರಿಂದ ಭಾಗಿಸಿದರೆ ಅಳತೆ ಸಿಕ್ಕಿತು.

ಗ್ಯಾರೇಜ್ ಮಾವ
ಗ್ಯಾರೇಜಿನವರು ದುಡ್ಡಿಗೋಸ್ಕರ ಹೇಳಿದರು ಅಂತ ಈಗಲೇ ತೀರ್ಮಾನ ಮಾಡಬೇಡಿ. ಸೈಲೆನ್ಸರ್ ಕೊಳೆಯೋದು ಒಳಗಿನಿಂದ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ, ಆವಿಯಾಗಿ ಹೊರಗೆ ಹೋಗುತ್ತದೆ. ಗಾಡಿ ದೂರ ಓಡಿದರೆ ಪೈಪ್ ಪೂರ್ತಿ ಕಾದು ಒಣಗುತ್ತದೆ. ಬರೀ ಹತ್ತಿರದ ಓಡಾಟ ಆದರೆ ಹಿಂಭಾಗ ಕಾಯೋದೇ ಇಲ್ಲ, ಆ ನೀರು ಹುಳಿ ಹುಳಿಯಾಗಿ ಒಳಗೇ ನಿಲ್ಲುತ್ತದೆ. ಎಷ್ಟೋ ಸೈಲೆನ್ಸರ್‌ಗಳ ತಳದಲ್ಲಿ ಸಣ್ಣ ತೂತು ಇರುವುದು ಈ ನೀರು ಇಳಿಯಲಿ ಅಂತಲೇ. ಅದನ್ನು ನೋಡಿ ಸೈಲೆನ್ಸರ್ ತೂತಾಗಿದೆ ಅಂದುಕೊಳ್ಳುವವರೂ ಇದ್ದಾರೆ, ಅದು ಬೇರೆ ಮಾತು.

ಮೊದಲು ದಪ್ಪ ಸ್ಕ್ರೂಡ್ರೈವರ್ ತಗೊಂಡು ಮೂತಿಯ ಸುತ್ತ, ತಳದಲ್ಲಿ ತಗಡು ಕೂಡುವ ಹೊಲಿಗೆಯ ಉದ್ದಕ್ಕೂ ಒತ್ತಿ, ಹಿಡಿಯಿಂದ ತಟ್ಟಿ. ಟಣ್ ಅಂದರೆ ತಗಡು ಇದೆ. ಮಂಕಾಗಿ ಸದ್ದು ಬಂದು ಪದರ ಉದುರಿದರೆ, ಹೊಸ ಪೈಪನ್ನು ಕೊಳೆತ ಮೂತಿಗೆ ಬಿಗಿದು ಏನು ಪ್ರಯೋಜನ?

ಮೂರನೇ ಗೇರ್
ಇಷ್ಟೆಲ್ಲ ತಲೆನೋವು ಯಾಕೆ ಮಾರಾಯ್ರೇ? ತೂತಿರುವ ಜಾಗದಲ್ಲೇ ಕತ್ತರಿಸಿ ಬಿಟ್ಟುಬಿಡಿ. ಸದ್ದು ಕಡಿಮೆ ಮಾಡೋದು ಸೈಲೆನ್ಸರ್, ಪೈಪ್ ಬರೀ ಬಾಲ.

ಲ್ಯಾಬ್ ಅಕ್ಕ
ಬಾಲ ಅಂತ ಸುಮ್ನೆ ಇಟ್ಟಿಲ್ಲ. ಹೊಗೆ ಕಾರಿನ ಮೈ ದಾಟಿ ಹೊರಗೆ ಬೀಳಲಿ ಅಂತ ಅಷ್ಟುದ್ದ ಇದೆ. ಆಕ್ಸಲ್ ಹತ್ತಿರವೇ ಕತ್ತರಿಸಿದರೆ ಅದು ಡಿಕ್ಕಿಯ ಕೆಳಗೆ ಸೇರಿಕೊಳ್ಳುತ್ತದೆ. ತಳದ ರಬ್ಬರ್ ಬಿರಡೆ, ವೈರ್ ಹಾದ ತೂತು, ಡಿಕ್ಕಿ ಬಾಗಿಲಿನ ಹಳೇ ರಬ್ಬರ್, ಎಲ್ಲಿಂದಾದರೂ ಒಳಗೆ ಬರುತ್ತದೆ. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ತಲೆನೋವು, ವಾಕರಿಕೆ, ಮಂಪರು ಬರುವ ಹೊತ್ತಿಗೆ ಸ್ಟೀರಿಂಗ್ ನಿಮ್ಮ ಕೈಯಲ್ಲೇ ಇರುತ್ತದೆ, ನೆನಪಿರಲಿ.

ಮೂರನೇ ಗೇರ್
ಕ್ಯಾಟಲಿಟಿಕ್ ಕನ್ವರ್ಟರ್ ಇದೆಯಲ್ಲ ಅಕ್ಕ, ಅದು ಇರೋದೇ ಹೊಗೆಯ ವಿಷ ಕಡಿಮೆ ಮಾಡೋಕೆ. ಸಾಲದಿದ್ದರೆ ಹಿಂದಿನ ಕಿಟಕಿ ಇಳಿಸಿಕೊಂಡರಾಯಿತು.

ಲ್ಯಾಬ್ ಅಕ್ಕ
ಕನ್ವರ್ಟರ್ ಚೆನ್ನಾಗಿ ಕಾದ ಮೇಲೆ ಕೆಲಸ ಮಾಡುತ್ತದೆ. ತಣ್ಣಗಿರುವ ಗಾಡಿ ಸ್ಟಾರ್ಟ್ ಮಾಡಿದ ಮೊದಲ ನಿಮಿಷಗಳಲ್ಲಿ ಹೊಗೆ ಬಹುಪಾಲು ಹಾಗೇ ಬರುತ್ತದೆ. ಇನ್ನು ಓಡುವ ಕಾರಿನ ಬೆನ್ನ ಹಿಂದೆ ಗಾಳಿ ಸುಳಿಯಾಗಿ ಸುತ್ತುತ್ತಿರುತ್ತದೆ. ಹಿಂದಿನ ಕಿಟಕಿಯೋ ಡಿಕ್ಕಿಯೋ ತೆರೆದಿದ್ದರೆ ಹೊಗೆ ಒಳಗೆ ಎಳೆದುಕೊಳ್ಳುವ ಸಾಧ್ಯತೆಯೇ ಜಾಸ್ತಿ.

ಮೂರನೇ ಗೇರ್
ಸರಿ ಬಿಡಿ, ಕತ್ತರಿಸೋದು ಬೇಡ.

ಮಸಿಕೈ
ಸುಲಭ ಅಂದರಲ್ಲ ನಟ್ಟು ಬೋಲ್ಟು, ಅಲ್ಲೇ ನನ್ನ ತಕರಾರು. ನಟ್ ಬಿಚ್ಚೋದು ಕಷ್ಟ ಅಲ್ಲ. ಬರದಿದ್ದರೆ ಕತ್ತರಿಸಿ ಎಸೆಯಬಹುದು, ಹೊಸ ಕ್ಲ್ಯಾಂಪ್ ಹೇಗೂ ಹಾಕಲೇಬೇಕು. ಕಷ್ಟ ಇರೋದು ಕಚ್ಚಿಕೊಂಡ ಪೈಪನ್ನು ಮೂತಿಯಿಂದ ಬಿಡಿಸೋದರಲ್ಲಿ. ಹಿಡಿದು ಜಗ್ಗಿದರೆ ಸೈಲೆನ್ಸರಿನ ಮೂತಿಯೇ ಕಿತ್ತು ಬರುತ್ತದೆ.

ಮೊದಲು ಕೂಡುಜಾಗದಿಂದ ಒಂದು ಗೇಣು ಹಿಂದೆ ಹಳೇ ಪೈಪನ್ನು ಹ್ಯಾಕ್ಸಾದಿಂದ ಅಡ್ಡಕ್ಕೆ ಕತ್ತರಿಸಿ ಇಳಿಸಿ. ಈಗ ಉಳಿದ ತುಂಡಿನ ಮೇಲೆ ಉದ್ದಕ್ಕೆ ಒಂದು ಗೀರು ಕೊಯ್ಯಿರಿ. ಹೊರಗಿನ ಪದರ ಮಾತ್ರ ಕೊಯ್ಯಬೇಕು. ಬ್ಲೇಡ್ ಒಳಗಿನ ಪೈಪ್ ಮುಟ್ಟಿದ ಕೂಡಲೇ ಕೈಗೆ ಬೇರೆ ಥರ ತಟ್ಟುತ್ತದೆ, ಉದುರುವ ಪುಡಿಯೂ ಕಂದು ಬಣ್ಣ ಬಿಟ್ಟು ಹೊಳೆಯುತ್ತದೆ. ಅಲ್ಲಿಗೆ ನಿಲ್ಲಿಸಿ. ಗೀರಿಗೆ ಉಳಿ ಕೊಟ್ಟು ಹಲಸಿನಹಣ್ಣಿನ ಸಿಪ್ಪೆ ಬಿಡಿಸಿದ ಹಾಗೆ ಎರಡೂ ಕಡೆ ಮಡಚಿ. ಮೂತಿ ಹಾಗೇ ಉಳಿಯುತ್ತದೆ. ಆಮೇಲೆ ಎಮೆರಿ ಹಾಳೆಯಿಂದ ತಿಕ್ಕಿ ನಯ ಮಾಡಿಕೊಳ್ಳಿ.

ಗ್ರೈಂಡರ್ ಬೇಡ. ಎಷ್ಟೋ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲೇ ಇರುತ್ತದೆ, ಕಿಡಿ ಎಲ್ಲಿಗೆ ಹಾರಿತು ಅಂತ ಮಲಗಿದವರಿಗೆ ಕಾಣಲ್ಲ. ಬ್ಲೋ ಟಾರ್ಚ್ ಹೆಸರೇ ಎತ್ತಬೇಡಿ. ಕನ್ನಡಕ ಹಾಕದೆ ಕೆಳಗೆ ಮಲಗಿದರೆ ತುಕ್ಕು ನೇರ ಕಣ್ಣಿಗೇ.

ನಟ್ಟು ಬೋಲ್ಟು
ಒಪ್ಪಿದೆ. ನಾನು ಹೇಳಬೇಕಿದ್ದ ಇನ್ನೊಂದು ಮಾತು: ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾರೂ ನುಗ್ಗಬೇಡಿ. ಜಾಕ್ ಎತ್ತೋಕೆ, ಹೊರೋಕೆ ಸ್ಟ್ಯಾಂಡ್. ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಕ್ಕೆ ಇರುತ್ತದೆ. ಹಿಂಭಾಗ ಎತ್ತಿದ ಮೇಲೆ ಅದು ಇದ್ದೂ ಇಲ್ಲದ ಹಾಗೆ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಬೇಕು.

ಗ್ಯಾರೇಜ್ ಮಾವ
ಸ್ಟ್ಯಾಂಡ್ ವಿಷಯ ಬಂತಲ್ಲ, ಈ ಪೈಪಿಗೆ ಅದರಲ್ಲೊಂದು ತೊಡಕಿದೆ. ಕಾರಿನ ಬಾಡಿಯ ಕೆಳಗೆ ಸ್ಟ್ಯಾಂಡ್ ಕೊಟ್ಟರೆ ಆಕ್ಸಲ್ ಕೆಳಗೆ ಜೋತು ಬೀಳುತ್ತದೆ. ಆಗ ಪೈಪಿಗೂ ಆಕ್ಸಲ್‌ಗೂ ನಡುವೆ ಬೇಕಾದಷ್ಟು ಜಾಗ ಕಾಣುತ್ತದೆ. ಕಾರು ಇಳಿಸಿ ಹಿಂದೆ ಮೂರು ಜನ ಕೂತರೆ ಆ ಜಾಗ ಮಾಯ, ಹಳ್ಳ ಬಿದ್ದಾಗಲೆಲ್ಲ ಟಣ್ ಟಣ್. ಸಾಧ್ಯವಾದರೆ ಹಿಂದಿನ ಚಕ್ರ ರ‍್ಯಾಂಪ್ ಮೇಲೆ ಹತ್ತಿಸಿ ಕೆಲಸ ಮಾಡಿ, ಭಾರ ಚಕ್ರದ ಮೇಲೇ ಇರುತ್ತದೆ. ಎಲ್ಲವನ್ನೂ ಮೊದಲು ಸಡಿಲವಾಗಿ ಕೂರಿಸಿ. ಟ್ಯಾಂಕ್, ಬ್ರೇಕ್ ಪೈಪ್, ಸ್ಟೆಪ್ನಿ ಕೂರುವ ಗುಂಡಿ, ಎಲ್ಲದರಿಂದಲೂ ದೂರ ಇದೆಯಾ ನೋಡಿ. ಆಮೇಲೆ ಬಿಗಿಯಿರಿ.

ಹಳೇಗಾಡಿ
ಸ್ಕ್ರೂಡ್ರೈವರ್ ಪರೀಕ್ಷೆ ಆಯಿತು. ಮೂತಿ ಗಟ್ಟಿ ಇದೆ, ಟಣ್ ಅಂತು. ತಳದ ಹೊಲಿಗೆಯಲ್ಲಿ ಒಂದು ಕಡೆ ಮಾತ್ರ ಪದರ ಎದ್ದಿದೆ. ಜೋರಾಗಿ ಒತ್ತಿದರೂ ತೂತಾಗಲಿಲ್ಲ.

ಗ್ಯಾರೇಜ್ ಮಾವ
ಅಂದರೆ ಸೈಲೆನ್ಸರ್ ಇವತ್ತಲ್ಲ ನಾಳೆ ಹೋಗುತ್ತದೆ. ಎರಡೂ ಒಟ್ಟಿಗೆ ಬದಲಾಯಿಸಿ, ಎರಡು ಸಲ ಯಾಕೆ ಕಾರಿನಡಿ ಮಲಗ್ತೀರಿ?

ನಟ್ಟು ಬೋಲ್ಟು
ತೂತಾಗದ ಸೈಲೆನ್ಸರ್ ಯಾಕೆ ಬಿಸಾಕಬೇಕು ಮಾವ? ಪೈಪ್ ಹಾಕಲಿ, ಯು-ಕ್ಲ್ಯಾಂಪ್ ಬಿಗಿಯಲಿ. ಸೈಲೆನ್ಸರ್ ಹೋದಾಗ ನೋಡಿಕೊಂಡರಾಯಿತು.

ಮಸಿಕೈ
ಯು-ಕ್ಲ್ಯಾಂಪ್ ಹಾಕಿದರೆ ಮಾವನ ಮಾತೇ ಸರಿಯಾಗುತ್ತದೆ. ಅದು ಎರಡೂ ಪೈಪನ್ನು ಅಮುಕಿ ತಗ್ಗು ಮಾಡುತ್ತದೆ. ಆ ತಗ್ಗೇ ಬೀಗ. ನಾಳೆ ಸೈಲೆನ್ಸರ್ ತೆಗೆಯುವಾಗ ಈ ಹೊಸ ಪೈಪನ್ನೂ ಕೊಯ್ಯಬೇಕಾಗುತ್ತದೆ. ಅಗಲ ಪಟ್ಟಿಯ ಬ್ಯಾಂಡ್ ಕ್ಲ್ಯಾಂಪ್ ಹಾಕಿ. ಸುತ್ತಲೂ ಸಮನಾಗಿ ಹಿಡಿಯುತ್ತದೆ, ಪೈಪ್ ಅಷ್ಟಾಗಿ ಜಜ್ಜುವುದಿಲ್ಲ, ಬಿಚ್ಚಿದರೆ ಸಾಮಾನ್ಯವಾಗಿ ಜಾರಿ ಬರುತ್ತದೆ. ಪೈಪ್ ತುದಿಯಲ್ಲಿ ಸೀಳು ಇರಬೇಕು, ಇಲ್ಲದಿದ್ದರೆ ಹ್ಯಾಕ್ಸಾದಿಂದ ನೀವೇ ಸೀಳಿಕೊಳ್ಳಿ. ಮೂತಿಯ ಮೇಲೆ ಒಂದೂವರೆ ಇಂಚಾದರೂ ಪೈಪ್ ಕೂರಲಿ, ಸೀಳು ಪೂರ್ತಿ ಪಟ್ಟಿಯ ಅಡಿಗೆ ಬರಲಿ.

ಗ್ಯಾರೇಜ್ ಮಾವ
ಬ್ಯಾಂಡ್ ಕ್ಲ್ಯಾಂಪ್ ಆದರೆ ನನ್ನ ತಕರಾರು ಅರ್ಧ ಕಡಿಮೆಯಾಯಿತು. ಸ್ಟೀಲಿನದ್ದೇ ತಗೊಳ್ಳಿ. ಆದರೆ ಹೊಲಿಗೆ ಬಿಟ್ಟ ದಿನ ತಡ ಮಾಡಬೇಡಿ, ಅದು ಸೀಟಿನ ಕೆಳಗೇ ಹೊಗೆ ಬಿಡುತ್ತದೆ.

ಹಳೇಗಾಡಿ
ಹಾಗಾದರೆ ಪೈಪ್ ಒಂದೇ, ಬ್ಯಾಂಡ್ ಕ್ಲ್ಯಾಂಪ್ ಜೊತೆ. ಸೋರುತ್ತಿಲ್ಲ ಅಂತ ಹೇಗೆ ನೋಡೋದು?

ಮಸಿಕೈ
ಬಯಲಲ್ಲಿ ನಿಲ್ಲಿಸಿ, ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ. ಕೂಡುಜಾಗಕ್ಕೆ ಸೋಪಿನ ನೀರು ಚಿಮುಕಿಸಿ. ಇನ್ನೊಬ್ಬರು ದಪ್ಪ ಬಟ್ಟೆಯಿಂದ ಪೈಪ್ ತುದಿಯನ್ನು ಒಂದೆರಡು ಸೆಕೆಂಡ್ ಒತ್ತಿ ಹಿಡಿಯಲಿ. ಸೋರಿದರೆ ಗುಳ್ಳೆ ಏಳುತ್ತದೆ, ಇಲ್ಲವೇ ಉಸ್ ಅನ್ನುತ್ತದೆ. ಕೆಲವು ದಿನ ಓಡಿಸಿ, ಪೂರ್ತಿ ತಣ್ಣಗಾದ ಮೇಲೆ ಕ್ಲ್ಯಾಂಪ್ ನಟ್ ಇನ್ನೊಮ್ಮೆ ಬಿಗಿಯಿರಿ. ಕೂಡುಜಾಗದ ಸುತ್ತ ಕಪ್ಪು ಮಸಿ ಕೂತಿದ್ದರೆ ಇಲ್ಲಿ ಫೋಟೋ ಹಾಕಿ.