ಶಾಸಕರು ಫೋನ್ ಮಾಡಿದರೂ ಪೌತಿ ಖಾತೆ ಆಗಲಿಲ್ಲ, ಯಾಕೆ? ನಿವೃತ್ತ ತಹಶೀಲ್ದಾರರ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸಾರ್. ತಂದೆ ತೀರಿಕೊಂಡ ಮೇಲೆ ನಾವು ಮೂವರು ಅಣ್ಣತಮ್ಮಂದಿರು ಅವರ ಜಮೀನಿನ ಖಾತೆ ನಮ್ಮ ಹೆಸರಿಗೆ ಬದಲಾಯಿಸಿ, ಪೌತಿ ಖಾತೆ ಮಾಡಿಕೊಡಿ ಅಂತ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಿದ್ವಿ. ವಂಶವೃಕ್ಷದಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಅರ್ಜಿಯಲ್ಲಿ ಅವರ ಹೆಸರೇ ಇಲ್ಲ ಅಂತ ವಿ.ಎ. (ಗ್ರಾಮ ಲೆಕ್ಕಾಧಿಕಾರಿ) ತಡೆದಿದ್ದಾರೆ. ಶಾಸಕರ ಕೈಲಿ ಫೋನ್ ಮಾಡಿಸಿದ್ವಿ. ಕಚೇರಿಯವರು ‘ನೋಡೋಣ’ ಅಂದರಂತೆ, ಅಷ್ಟೇ. ತಿಂಗಳುಗಟ್ಟಲೆ ಆಯ್ತು, ಬರವಣಿಗೆಯಲ್ಲಿ ಒಂದಕ್ಷರ ಕೊಟ್ಟಿಲ್ಲ. ಓಟು ಹಾಕಿ ಗೆಲ್ಲಿಸಿದವರ ಮಾತೇ ನಡೆಯಲ್ಲ ಅಂದ್ರೆ ಸರ್ಕಾರ ನಡೆಸೋರು ಯಾರು ಸಾರ್?

ಉತ್ತರ: ನಿಮ್ಮ ಅಕ್ಕತಂಗಿಯರ ಹೆಸರು ಬಿಟ್ಟು ಖಾತೆ ಮಾಡಲು ಒಪ್ಪದ ಆ ವಿ.ಎ. ಸರಿಯಾದ ಕೆಲಸವನ್ನೇ ಮಾಡಿದ್ದಾರೆ. ನೇರವಾಗಿ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಇಡೀ ದೇಶಕ್ಕೆ ಬಂತು. ತಂದೆಯವರ ಸ್ವಯಾರ್ಜಿತ ಜಮೀನಾದರೆ, ಅವರು ಉಯಿಲು ಬರೆಯದೆ ಹೋಗಿದ್ದರೆ, ಹೆಣ್ಣುಮಕ್ಕಳ ಹಕ್ಕು ಅದಕ್ಕೂ ಮೊದಲಿನದು.

ಅರ್ಜಿ ಕೊಡುವಾಗ ನೀವು ಮೂವರೂ ಕೌಂಟರಿನ ಮುಂದೆ ಇದ್ದಿರಿ, ಶಾಸಕರ ಫೋನೂ ನಿಮ್ಮ ಪರವಾಗಿತ್ತು. ಮದುವೆಯಾಗಿ ಬೇರೆ ಊರಲ್ಲಿರುವ ಹೆಣ್ಣುಮಗಳ ಪರವಾಗಿ ಆ ಹೊತ್ತಿಗೆ ಕಚೇರಿಯಲ್ಲಿ ಯಾರಿದ್ದರು? ಕಾಯ್ದೆ ಮಾತ್ರ. ಎದುರಿಗೆ ಇಲ್ಲದವರ ಹಕ್ಕನ್ನೂ ಕಾಯುವುದು ಅಧಿಕಾರಿವರ್ಗದ ಮೊದಲ ಕೆಲಸ ಎಂದು ನಾನು ನಂಬಿದ್ದೇನೆ.

ಶಾಸಕರ ಅಧಿಕಾರ ಕಾನೂನು ಮಾಡುವುದು, ಸದನದಲ್ಲಿ ಸರ್ಕಾರವನ್ನು ಪ್ರಶ್ನಿಸುವುದು. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 128, 129ನೇ ಕಲಮುಗಳಲ್ಲಿ ಖಾತೆ ಬದಲಾವಣೆಯ ಕ್ರಮ ಇದೆ: ವರದಿ, ನೋಟಿಸು, ತಕರಾರು ಬಂದರೆ ವಿಚಾರಣೆ, ಆದೇಶ. ಅದರಲ್ಲಿ ಫೋನಿಗೆ ಜಾಗವಿಲ್ಲ. ಕೆಲಸ ಯಾಕೆ ತಡವಾಯಿತು ಎಂದು ಶಾಸಕರು ಕೇಳಬಹುದು, ಕೇಳಲೇಬೇಕು. ಯಾರ ಹೆಸರಿಗೆ ಮಾಡಬೇಕು ಎಂದು ಹೇಳುವಂತಿಲ್ಲ.

ಇನ್ನು ತಿಂಗಳುಗಟ್ಟಲೆ ಬಾಯಿಮಾತಲ್ಲೇ ತಡೆದಿಟ್ಟರಲ್ಲ, ಅದು ತಪ್ಪು. ಆಕ್ಷೇಪಣೆ ಇದ್ದರೆ ಹಿಂಬರಹ, ಅಂದರೆ ಕಾರಣ ತಿಳಿಸುವ ಲಿಖಿತ ಉತ್ತರ, ಕೊಡಬೇಕು. ಬರವಣಿಗೆ ಇಲ್ಲದಿದ್ದರೆ ನೀವು ಯಾವುದರ ಮೇಲೆ ಮೇಲ್ಮನವಿ ಹಾಕುತ್ತೀರಿ? 129ರಡಿಯ ಆದೇಶ ಕೈಗೆ ಬಂದರೆ 136(2)ರಡಿ ಉಪವಿಭಾಗಾಧಿಕಾರಿಗಳ ಹತ್ತಿರ ಹೋಗಬಹುದು. ಆದೇಶವೇ ಇಲ್ಲದಿದ್ದರೆ ಅಲೆಯುವುದೊಂದೇ ಗತಿ. ಲಂಚ ಹುಟ್ಟುವುದೂ ಹೆಚ್ಚಾಗಿ ಇಲ್ಲೇ, ‘ಆಗುತ್ತೆ’ ಅಂತಲೂ ಬರೆಯದೆ ‘ಆಗಲ್ಲ’ ಅಂತಲೂ ಬರೆಯದೆ ಕಡತವನ್ನು ಮೇಜಿನ ಮೇಲೆ ಇಟ್ಟುಕೊಳ್ಳುವಲ್ಲಿ. ನಾಳೆಯೇ ಹೋಗಿ, ಹಿಂಬರಹ ಕೊಡಿ ಎಂದು ಲಿಖಿತವಾಗಿ ಕೇಳಿ, ಕಚೇರಿಯ ಟಪಾಲು ವಿಭಾಗದಲ್ಲಿ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನಿಮ್ಮ ಅರ್ಜಿಗೆ ಸಕಾಲ (ನಿಗದಿತ ಅವಧಿಯಲ್ಲಿ ಸರ್ಕಾರಿ ಸೇವೆ ಕೊಡುವ ವ್ಯವಸ್ಥೆ) ಸಂಖ್ಯೆ ಇದ್ದರೆ ಅವಧಿ ಮೀರಿದ್ದಕ್ಕೆ ಅಲ್ಲೂ ಮೇಲ್ಮನವಿ ಇದೆ. ತಡವಾದ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರ. ಮೊತ್ತ ಸಣ್ಣದು, ಆದರೆ ತಪ್ಪಿತಸ್ಥ ನೌಕರರ ಸಂಬಳದಿಂದ ಹೋಗುವುದರಿಂದ ತಾಗುತ್ತದೆ.

ಇನ್ನೊಬ್ಬರ ಪ್ರಶ್ನೆ: ಸರ್, ನಾನು ಹೊಸದಾಗಿ ಕೆಲಸಕ್ಕೆ ಸೇರಿದವಳು. ಮೇಲಿನವರು ಬಾಯಲ್ಲಿ ‘ಮಾಡಿಬಿಡಮ್ಮ’ ಅಂದರೆ ನಮ್ಮಂಥ ಕೆಳಗಿನವರು ಏನು ಮಾಡಬೇಕು?

ಉತ್ತರ: ಬರೆಯಬೇಕು ಮಗಳೇ. ಟಿಪ್ಪಣಿಯಲ್ಲಿ ದಿನಾಂಕ ಹಾಕಿ, ‘ದೂರವಾಣಿಯಲ್ಲಿ ಹೀಗೆ ಸೂಚಿಸಿರುತ್ತಾರೆ’ ಎಂದು ದಾಖಲಿಸಿ, ಅದರ ಕೆಳಗೆ ನಿಯಮ ಏನು ಹೇಳುತ್ತದೆ ಎಂಬುದನ್ನು ನಿನ್ನ ಅಭಿಪ್ರಾಯದ ಜೊತೆ ಬರೆದು ಕಡತ ಮಂಡಿಸು. ಐಎಎಸ್ ಅಧಿಕಾರಿಗಳಿಗೆ 1968ರ ನಡತೆ ನಿಯಮಗಳಲ್ಲೇ ಇದೆ, ಮೌಖಿಕ ಸೂಚನೆಯನ್ನು ಮೇಲಧಿಕಾರಿ ಆಮೇಲೆ ಲಿಖಿತವಾಗಿ ದೃಢಪಡಿಸಬೇಕು ಅಂತ. ಮಾಜಿ ಸಂಪುಟ ಕಾರ್ಯದರ್ಶಿ ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತಿತರರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2013ರ ಅಕ್ಟೋಬರ್ 31ರಂದು ಇದನ್ನು ಗಟ್ಟಿಯಾಗಿ ಹೇಳಿತು: ಮೌಖಿಕ ಆದೇಶಗಳು ದಾಖಲಾಗದಿದ್ದರೆ ಜನರ ಮಾಹಿತಿ ಹಕ್ಕೇ ಸೋಲುತ್ತದೆ. ಹೀಗೆ ಬರೆಯುವವರನ್ನು ಕಂಡರೆ ಕೆಲವರಿಗೆ ಆಗುವುದಿಲ್ಲ, ವರ್ಗಾವಣೆ ಆದರೂ ಆದೀತು. ಅದು ಗೊತ್ತಿದ್ದೇ ಹೇಳುತ್ತಿದ್ದೇನೆ. ನಾಳೆ ವಿಚಾರಣೆ ಬಂದರೆ ಫೋನ್ ಮಾಡಿದವರು ಯಾರೂ ಬರುವುದಿಲ್ಲ, ಕಡತದಲ್ಲಿ ಇರುವುದು ನಿನ್ನ ಸಹಿ.

ಮತ್ತೊಬ್ಬರ ಪ್ರಶ್ನೆ: ಸರ್ಕಾರಿ ನೌಕರರಿಗೆ ಇಷ್ಟೆಲ್ಲ ರಕ್ಷಣೆ ಕೊಟ್ಟಿದ್ದರಿಂದಲೇ ಕೆಲಸ ಮಾಡದವರನ್ನೂ ತೆಗೆಯೋಕೆ ಆಗ್ತಿಲ್ಲ ಅಲ್ವಾ?

ಉತ್ತರ: ಸಂವಿಧಾನದ 311ನೇ ವಿಧಿ ತೆಗೆಯಬಾರದು ಎನ್ನುವುದಿಲ್ಲ. ಆರೋಪ ತಿಳಿಸಿ, ವಿಚಾರಣೆ ಮಾಡಿ, ಅವರ ಮಾತೂ ಕೇಳಿ ತೆಗೆಯಿರಿ ಎನ್ನುತ್ತದೆ. 1949ರ ಅಕ್ಟೋಬರಿನಲ್ಲಿ ಸರ್ದಾರ್ ಪಟೇಲರು ಸಂವಿಧಾನ ಸಭೆಯಲ್ಲಿ ಸೇವಾವರ್ಗಕ್ಕೆ ರಕ್ಷಣೆ ಬೇಕೆಂದು ವಾದಿಸಿದ್ದರು: ಮನಸ್ಸಿನಲ್ಲಿ ಇದ್ದದ್ದನ್ನು ಮಂತ್ರಿಗೆ ನಿರ್ಭಯವಾಗಿ ಹೇಳುವ ಸೇವಾವರ್ಗ ಬೇಕು, ಅದಿಲ್ಲದಿದ್ದರೆ ಒಕ್ಕೂಟವೇ ಉಳಿಯದು ಎಂದರು. ಸತ್ಯ ಹೇಳಲಿ ಎಂದು ಕೊಟ್ಟ ರಕ್ಷಣೆಯಲ್ಲಿ ಕೆಲವರು ನಿದ್ದೆ ಮಾಡುತ್ತಿದ್ದಾರೆ, ಒಪ್ಪುತ್ತೇನೆ. ಅದಕ್ಕೆ 1957ರ ಸಿಸಿಎ ನಿಯಮಗಳು, ಅಂದರೆ ರಾಜ್ಯ ನೌಕರರ ಶಿಸ್ತುಕ್ರಮದ ನಿಯಮಗಳು ಇವೆ. ಇಲಾಖಾ ವಿಚಾರಣೆಗಳನ್ನು ವರ್ಷಗಟ್ಟಲೆ ಎಳೆಯದೆ ಮುಗಿಸಿದರೆ ಅರ್ಧ ದೂರು ಕಡಿಮೆಯಾಗುತ್ತದೆ. ರಕ್ಷಣೆ ಕಿತ್ತುಹಾಕಿದರೆ ಮಾತ್ರ ಮೊದಲು ಮನೆಗೆ ಹೋಗುವವರು ಆ ವಿ.ಎ.ಯಂಥವರು.

ಮೊದಲಿನವರು: ಸಾರ್, ನಮ್ಮಕ್ಕ, ತಂಗಿ ‘ನಮಗೇನೂ ಬೇಡ’ ಅಂತಿದ್ದಾರೆ. ಒಂದು ಬಿಳಿ ಹಾಳೆಯಲ್ಲಿ ಸಹಿ ಮಾಡಿಸಿ ಕೊಟ್ಟರೆ ಸಾಕಾ?

ಉತ್ತರ: ಸಾಲದು. ಹಕ್ಕು ಬಿಡುಗಡೆ ಪತ್ರ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಆಗಬೇಕು. ಅವರಿಗೆ ಎಷ್ಟು ಜಮೀನು, ಈಗಿನ ಬೆಲೆ ಎಷ್ಟು ಎಂಬುದನ್ನು ತಿಳಿಸಿ, ಒತ್ತಾಯ ಮಾಡದೆ ಕೇಳಿ. ಅಲ್ಲಿಯವರೆಗೆ ಐವರ ಹೆಸರಿಗೂ ಜಂಟಿ ಖಾತೆ ಮಾಡಿಸಿ. ತಾಯಿಯವರು ಇದ್ದರೆ ಅವರ ಹೆಸರೂ ಸೇರಬೇಕು, ಅರ್ಜಿ ತಿದ್ದುವಾಗ ಅದನ್ನೂ ನೋಡಿಕೊಳ್ಳಿ.