ರೂಫ್‌ಟಾಪ್ ಗಲಾಟೆ: ನಮ್ಮ ಕ್ರಾಸ್ ಗ್ರೂಪ್

14ನೇ ನಂಬರ್ ಮನೆ: ರಾತ್ರಿ ಒಂದೂವರೆ ತನಕ ಆ ರೂಫ್‌ಟಾಪ್ ಪಬ್ಬಿಂದ ಡಬ್ ಡಬ್ ಡಬ್, ಕಿಟಕಿ ಗಾಜು ಅದುರ್ತಿತ್ತು, ಅಮ್ಮಂಗೆ ಬಿಪಿ, ಮಗೂಗೆ ಇವತ್ತು ಪರೀಕ್ಷೆ, 112ಗೆ ಮಾಡಿದ್ಮೇಲೆ ಗಾಡಿ ಬಂತು, ಸೌಂಡ್ ನಿಲ್ಸಿದ್ರು, ಗಾಡಿ ಹೋಗಿದ್ದೇ ತಡ ಮತ್ತೆ ಶುರು!! ಇದು ಮನೆಗಳಿರೋ ರೋಡೋ ಎಂ.ಜಿ. ರೋಡೋ?

ಕಾರ್ನರ್ ಮನೆ ಅಂಕಲ್: ಆ ಮನೆ ಪಬ್ಬಿಗೆ ಬಾಡಿಗೆಗೆ ಹೋದಾಗ್ಲೇ ನಾನು ಬಡ್ಕೊಂಡೆ, ಯಾರೂ ಬಾಯಿ ಬಿಡ್ಲಿಲ್ಲ. ಬೆಂಗಳೂರು ಮಾಸ್ಟರ್ ಪ್ಲಾನ್ ನೋಡ್ರಿ, ಯಾವ ಜಾಗ ಯಾತಕ್ಕೆ ಅಂತ ಬಣ್ಣದಲ್ಲಿ ತೋರ್ಸೋ ನಕ್ಷೆ, ಹೆಸ್ರು 2015 ಅಂತ, ಪಾಸಾಗಿದ್ದು 2007ರಲ್ಲಿ, ಇವತ್ತಿಗೂ ಅದೇ ಗತಿ, ಯಾಕಂದ್ರೆ 2031ರ ಕರಡು ಬಂದು ವಾಪಸ್ ಹೋಯ್ತು. ಆ 2015ರ ಪ್ಲಾನಲ್ಲಿ ನಮ್ಮ ಕ್ರಾಸ್ ಹಳದಿ. ಹಳದಿ ಅಂದ್ರೆ ವಸತಿ. ಅಂಗಡಿ ಮುಂಗಟ್ಟು ಎಲ್ಲ ನೀಲಿ ಇರೋ ಕಡೆ.

ಟ್ಯೂಷನ್ ಮೇಡಂ: ಸರಿ ಅಂಕಲ್, ನಿಮ್ಮ ಮೇಲಿನ ಮೂರು ಫ್ಲೋರ್ ಪಿಜಿ ಯಾವ ಬಣ್ಣ? 😀

ಕಾರ್ನರ್ ಮನೆ ಅಂಕಲ್: ಪಿಜೀಲಿ ಜನ ಮಲಗ್ತಾರಮ್ಮ, ಅದೂ ವಸತೀನೇ. ನಿಮ್ಮ ಟ್ಯೂಷನ್ ಸ್ಕೂಟರ್‌ಗಳು ದಿನಾ ನನ್ನ ಗೇಟಿಗೆ ಅಡ್ಡ, ಅದನ್ನ ಹೇಳಿ ಮೊದ್ಲು.

22 ಫಸ್ಟ್ ಫ್ಲೋರ್: 🌹ಶುಭೋದಯ🌹 ಬಿಸಿನೀರಿಗೆ ಜೀರಿಗೆ ಹಾಕಿ ಕುಡಿದರೆ ಗ್ಯಾಸ್ ಮಾಯ. ಹತ್ತು ಜನಕ್ಕೆ ಕಳಿಸಿ.

9ನೇ ನಂಬರ್ ಹುಡುಗ: ಬಣ್ಣದ ಜಗಳ ಆಮೇಲೆ. 2000ದ ಶಬ್ದ ನಿಯಮದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ವಸತಿ ಏರಿಯಾಗೆ 45 ಡೆಸಿಬಲ್, ಕಮರ್ಷಿಯಲ್‌ಗೆ 55. ಅದಕ್ಕೇ ಜೋನ್ ಯಾವ್ದು ಅಂತ ಪೇಪರ್ ಮೇಲೆ ಬೇಕು, ಟ್ರೇಡ್ ಲೈಸೆನ್ಸ್ ಕಾಪಿಗೆ ನಾನು ಆರ್‌ಟಿಐ ಹಾಕ್ತೀನಿ. ರೋಡ್ ಅಗಲಾನೂ ಲೆಕ್ಕಕ್ಕೆ ಬರುತ್ತೆ, ಭಾನುವಾರ ಟೇಪ್ ಹಿಡಿಯೋಕೆ ಇಬ್ರು ಬನ್ನಿ.

ಕಾರ್ನರ್ ಮನೆ ಅಂಕಲ್: ಟೇಪ್ ಯಾಕಪ್ಪ? ಸೈಟ್ ಹಂಚಿದಾಗಿಂದ ಇದ್ದೀನಿ, ನಮ್ದು 40 ಅಡಿ ರೋಡು.

14ನೇ ನಂಬರ್ ಮನೆ: ಅಯ್ಯೋ ಸಾರ್, ರೋಡ್ ಅಗಲ ಇದ್ದಷ್ಟೂ ಪಬ್‌ನವ್ನಿಗೇ ಅನುಕೂಲ, 40 ಅಂತ ನೀವೇ ಹೇಳ್ಬಿಡೋದಾ!! 30 ಅಡಿ ಸಾರ್ ನಮ್ದು.

ಕಾರ್ನರ್ ಮನೆ ಅಂಕಲ್: ನೀವು ರೋಡಿಗೆ ಇಳಿಸಿರೋ ರ‍್ಯಾಂಪ್ ಒಡೆದ್ರೆ 40 ಆಗುತ್ತೆ.

14ನೇ ನಂಬರ್ ಮನೆ: ರ‍್ಯಾಂಪ್ ನನ್ನೊಬ್ಬಂದಾ? ನಿಮ್ಮ ಜನರೇಟರ್ ಎಲ್ಲಿದೆ, ಫುಟ್‌ಪಾತ್ ಮೇಲಲ್ವಾ?

ಟ್ಯೂಷನ್ ಮೇಡಂ: ಹೌದು, ಅದರ ಹೊಗೆ ನಮ್ಮ ಅಡುಗೆಮನೆಗೇ ಬರೋದು.

22 ಫಸ್ಟ್ ಫ್ಲೋರ್: ಪಬ್‌ನವ್ರ ಪನೀರ್ ಟಿಕ್ಕಾ ಮಾತ್ರ ಚೆನ್ನಾಗಿದೆ ಕಣ್ರೀ 🙊

14ನೇ ನಂಬರ್ ಮನೆ: ಓಹೋ, ನೀವೂ ಗಿರಾಕಿನಾ!

ಸೆಕ್ರೆಟರಿ: ಎಲ್ರೂ ಸ್ವಲ್ಪ ಸಮಾಧಾನ. ಸಂಪಲ್ಲಿ ನೀರು ಕಮ್ಮಿ ಇದೆ, ಭಾನುವಾರ ಟ್ಯಾಂಕರ್ ಹೇಳ್ತಿದ್ದೀನಿ, ಬೇಕಾದವ್ರು ಮನೆ ನಂಬರ್ ಹಾಕಿ. ಟೇಪ್ ವಿಷ್ಯ ಮುಂದಿನ ವಾರ ಇಟ್ಕೊಳ್ಳೋಣ.

22 ಫಸ್ಟ್ ಫ್ಲೋರ್: 22, ಅರ್ಧ ಟ್ಯಾಂಕರ್ ಸಾಕು

9ನೇ ನಂಬರ್ ಹುಡುಗ: ಸಾರ್, ಆರ್‌ಟಿಐಗೆ ಪಬ್ ಇರೋ ಮನೆಯ ಸರಿಯಾದ ಖಾತಾ ನಂಬರ್ ಯಾರ ಹತ್ರ ಇದೆ?

ಟ್ಯೂಷನ್ ಮೇಡಂ: 17, ಒಂದು ಫುಲ್

ಕಾರ್ನರ್ ಮನೆ ಅಂಕಲ್: ಪಿಜಿಗೆ ಎರಡು. ಡ್ರೈವರ್‌ಗೆ ಹೇಳಿ, ರ‍್ಯಾಂಪ್ ನೋಡ್ಕೊಂಡು ರಿವರ್ಸ್ ತಗೊಳ್ಲಿ.